ಎಡಸುತ್ತಿನ ಮಾಸ್ತರು

ಸೀಟಿ ಬಾಯಲ್ಲಿಟ್ಟುಕೊಂಡೇ ನಗುವ ಮನುಷ್ಯನನ್ನು ನಾನು ಜೀವನದಲ್ಲಿ ಕಂಡದ್ದು ಒಬ್ಬರನ್ನೇ. ನಗು ತಡೆಯಲಾಗದೆ ಉಸಿರು ಬಿಟ್ಟರೆ ಸೀಟಿ ಕೂಗಿಬಿಡುತ್ತಿತ್ತು. ಮೈದಾನದಲ್ಲಿ ಓಡುತ್ತಿದ್ದ ಹುಡುಗರೆಲ್ಲ ಗಕ್ಕನೆ ನಿಂತು, ಏನು ತಪ್ಪಾಯಿತೋ ಎಂದು ಅವರ ಕಡೆ ನೋಡುತ್ತಿದ್ದರು. ನಿಮಗೆ ಮನಸಾರೆ ನಗಲಿಕ್ಕೂ ಸ್ವಾತಂತ್ರ್ಯವಿಲ್ಲ ಬಿಡಿ ಮಾಸ್ತರೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ, ಎಲ್ಲವೂ ಚೇಷ್ಟೆಯಾಗಿಯೇ ಕಾಣುತ್ತಿತ್ತು.

ಹೋದ ತಿಂಗಳು ಬೀದರಿನ ಮೈಲೂರಿನಿಂದ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಎಂದಳು. ಗುಲ್ಬರ್ಗಾದಲ್ಲಿ ನೆಲೆ ನಿಂತಿರುವ ನಾನು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರನ್ನು ನೆನೆದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಬಸ್ಸಿನಲ್ಲಿ ನೆನಪಾದ ಹಾಗೆಯೇ, ಹಿಂದುಮುಂದಾಗಿ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಧಾರವಾಡದಿಂದ ಭಾಲ್ಕಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದೆ. ಅಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು ಮಾತಾಡಿಕೊಂಡು ಆರಾಮಾಗಿದ್ದರು. ಗಾಬರಿಯಾಗಿದ್ದವರು ಮಾಸ್ತರುಗಳು. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿ ಕಲಿಸಿ, ಉರ್ದುವಿನಲ್ಲೇ ಸಂಬಳದ ಸಹಿ ಹಾಕುತ್ತಿದ್ದ ಅವರೆಲ್ಲ ಈಗ ಕನ್ನಡ ಪರೀಕ್ಷೆ ಪಾಸು ಮಾಡಬೇಕಾಗಿತ್ತು. ಹಾಗಾಗಿ ಭಾಲ್ಕಿಯಲ್ಲಿ ನನ್ನ ಮೊದಲ ಶಿಷ್ಯ ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಡ್ರಿಲ್ ಮಾಸ್ತರು.

ಕಡ್ಡಿಯಂತೆ ನೆಟ್ಟಗಿನ ಮೈ. ಕೂತರೂ ನಿಂತ ಹಾಗೇ ಕಾಣುತ್ತಿದ್ದರು. ಹೈದರಾಬಾದಿನಲ್ಲಿ ತರಬೇತಿ ಪಡೆದವರು. ಅವರ ‘ಹೋಶಿಯಾರ್’ ಎಂಬ ಹುಕುಮ್ ಕೇಳಿದರೆ ಮೈದಾನದ ಆಚೆ ಮೇಯುವ ಎಮ್ಮೆಯೂ ತಲೆ ಎತ್ತುತ್ತಿತ್ತು. ಇನ್ನು ಮುಂದೆ ಹುಕುಮ್ ಎಲ್ಲ ಕನ್ನಡದಲ್ಲಿ ಕೊಡಬೇಕೆಂದು ಮೇಲಿನವರು ಹೇಳಿದಾಗ ನಾನೇ ಅವರಿಗೆ ‘ಬಲಕ್ಕೆ ತಿರುಗು’ ಕಲಿಸಿದೆ. ಮರುದಿನ ಅವರು ಅದನ್ನು ಕೂಗಿದರೆ ಹುಡುಗರು ತಿರುಗುವ ಬದಲು ನಕ್ಕರು. ಸಂಜೆ ನನ್ನ ಕೋಣೆಗೆ ಬಂದು ಹೇಳಿದರು:

“ಕನ್ನಡದಾಗ ಹೇಳಿದ್ರ ಅದು ಹುಕುಮ್ ಅನಸಂಗಿಲ್ರಿ ಸರ್. ಅವ್ವ ಉಣ್ಣಾಕ ಕರದಾಂಗ ಅನಸ್ತದ.”

ಹೇಳಿ ಸೀಟಿಯಲ್ಲೇ ನಕ್ಕರು.

ಅವರು ಔರಾದ ಕಡೆಯ ಹಳ್ಳಿಯೊಂದರ ಹೊರಗೇರಿಯಲ್ಲಿ ಹುಟ್ಟಿದವರು. ಅವರ ಕೇರಿಯಿಂದ ಓದಿ ಮಾಸ್ತರಾದ ಮೊದಲಿಗರು. ರಾಜ್ಯ ಬದಲಾದ ಆ ಕಾಲದಲ್ಲೇ ಅವರ ಮನೆಯವರು ಬುದ್ಧನ ದಾರಿ ಹಿಡಿದಿದ್ದರು. ಶಾಲೆಯ ಮಾಸ್ತರುಗಳ ಕೋಣೆಯಲ್ಲಿ ಅವರ ಚಹಾದ ಕಪ್ಪು ಕಿಟಕಿಯ ಕಟ್ಟೆಯ ಮೇಲೆ ಬೇರೆ ಇರುತ್ತಿತ್ತು. ಇದನ್ನು ಯಾರೂ ಹೇಳಿ ಮಾಡಿದ್ದಲ್ಲ, ಹಾಗೆಯೇ ನಡೆದುಬಂದದ್ದು ಎಂದು ಹೆಡ್ ಮಾಸ್ತರು ನನಗೆ ಸಮಾಧಾನ ಹೇಳಿದರು. ನನಗೆ ಮೈ ಉರಿದುಹೋಯಿತು. ಬಸವಣ್ಣನ ಮಾತನ್ನು ಪ್ರಾರ್ಥನೆಯಲ್ಲಿ ದಿನಾ ಹೇಳಿಸುವ ಶಾಲೆ ಅದು. ಮಾಸ್ತರು ಮಾತ್ರ ಆ ಕಪ್ಪಿನಲ್ಲಿ ಕುಡಿಯುತ್ತಲೇ ಇರಲಿಲ್ಲ. ತಮಗೆ ಚಹಾ ಸೇರುವುದಿಲ್ಲ ಎನ್ನುತ್ತಿದ್ದರು. ನನ್ನ ಕೋಣೆಗೆ ಬಂದರೆ ಎರಡು ಲೋಟ ಕುಡಿಯುತ್ತಿದ್ದರು.

ಇನ್ನು ಆ ಮೈದಾನದ ಮಾತು. ಅದನ್ನು ಹೇಳದೆ ಅವರ ಕಥೆ ಮುಂದೆ ಹೋಗುವುದಿಲ್ಲ. ಮೈದಾನದ ನಟ್ಟನಡುವೆ ಒಂದು ಗದ್ದುಗೆ ಇತ್ತು. ಸುತ್ತ ಕಲ್ಲಿನ ಕಟ್ಟೆ, ಮೇಲೊಂದು ಬೇವಿನ ಗಿಡ. ಒಳಗೆ ಮಲಗಿದವರು ಶರಣರೆಂದು ಕೆಲವರು, ಪೀರರೆಂದು ಕೆಲವರು ಹೇಳುತ್ತಿದ್ದರು. ಎರಡೂ ಕಡೆಯವರು ಎಣ್ಣೆ ತಂದು ದೀಪ ಹಚ್ಚುತ್ತಿದ್ದರು, ಜಗಳವಿರಲಿಲ್ಲ. ಶಾಲೆ ಆಮೇಲೆ ಅದರ ಸುತ್ತ ಹುಟ್ಟಿಕೊಂಡದ್ದು. ಊರಿನಲ್ಲಿ ಯಾರೇ ಮೈದಾನ ದಾಟಿದರೂ ಗದ್ದುಗೆಯನ್ನು ಬಲಕ್ಕೆ ಇಟ್ಟುಕೊಂಡೇ ಹೋಗುತ್ತಿದ್ದರು. ಜೋಳ ಹೇರಿದ ಬಂಡಿಯೂ ಸುತ್ತು ಹಾಕಿಕೊಂಡು ಹಾಗೇ ಹೋಗಬೇಕು. ಸಹಜವಾಗಿ ಶಾಲೆಯ ಹುಡುಗರೂ ಬಲಸುತ್ತೇ ಓಡುತ್ತಿದ್ದರು, ಪ್ರತಿ ಸುತ್ತಿನಲ್ಲೂ ಬಲಗೈ ಎದೆಗೆ ಮುಟ್ಟಿಸಿಕೊಂಡು. ದೇಶದ ಬೇರೆಲ್ಲ ಕಡೆ ಓಟದ ಹುಡುಗರು ಎಡಗೈ ಒಳಗಿಟ್ಟು ಓಡುತ್ತಾರೆಂಬುದು ಭಾಲ್ಕಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮಾಸ್ತರಿಗೆ ಗೊತ್ತಿತ್ತು. ನಾನು ಕೇಳಿದಾಗ, ಹೈದರಾಬಾದಿನಲ್ಲಿ ತಾವೂ ಎಡಕ್ಕೇ ಓಡಿದವರೆಂದೂ ಇಲ್ಲಿ ಹುಡುಗರನ್ನು ಎಡಕ್ಕೆ ಓಡಿಸಿದರೆ ಊರು ತಮ್ಮನ್ನೇ ಓಡಿಸೀತೆಂದೂ ಹೇಳಿದರು. ಅವರ ಕೇರಿಯವರಿಗೆ ಆ ಕಟ್ಟೆ ಹತ್ತುವ ವಾಡಿಕೆ ಇರಲಿಲ್ಲ. ಮಾಸ್ತರಾದ ಮೇಲೂ ಅವರು ಹತ್ತಿರಲಿಲ್ಲ. ಆದರೆ ದಿನಾ ಹುಡುಗರ ಜೊತೆ ಅದರ ಸುತ್ತ ಓಡುತ್ತಿದ್ದರಲ್ಲ, ಊರಿನ ಯಾವ ಭಕ್ತನೂ ತಮ್ಮಷ್ಟು ಸುತ್ತು ಹಾಕಿಲ್ಲ ಎಂದು ಅವರದೊಂದು ಹೆಮ್ಮೆ.

ಹೀಗಿರುವಾಗ ದಿಲ್ಲಿ ಸರ್ಕಾರಕ್ಕೆ ದೇಶದ ಕ್ರೀಡೆಯ ಚಿಂತೆ ಹತ್ತಿತು. ಹೊರದೇಶದ ಪಂದ್ಯಗಳಲ್ಲಿ ನಮ್ಮವರು ಹಿಂದೆ ಬೀಳುತ್ತಿದ್ದಾರೆ, ಹಳ್ಳಿಹಳ್ಳಿಯಿಂದ ಓಟಗಾರರನ್ನು ಹುಡುಕಿ ತೆಗೆಯಬೇಕು, ತಾಲೂಕಿಗೊಬ್ಬ ತರಬೇತಾದ ಮಾಸ್ತರಿರಬೇಕು ಎಂದು ಒಂದು ಯೋಜನೆ ಹೊರಟಿತು. ಅದು ಬೆಂಗಳೂರು, ಗುಲ್ಬರ್ಗಾ, ಬೀದರ ಎಲ್ಲ ಸುತ್ತಿ ಭಾಲ್ಕಿಗೆ ಬರುವ ಹೊತ್ತಿಗೆ ಒಂದು ಕಬ್ಬಿಣದ ಗುಂಡು, ಒಂದು ಗಡಿಯಾರ ಮತ್ತು ಇಂಗ್ಲಿಷಿನ ಕೆಲವು ಹಾಳೆಗಳಾಗಿತ್ತು. ಗುಂಡು ಹೆಡ್ ಮಾಸ್ತರರ ಕೋಣೆಯ ಬಾಗಿಲು ಬಡಿಯದಂತೆ ತಡೆ ಕೊಡುವ ಕೆಲಸಕ್ಕೆ ಬಂತು. ಹಾಳೆಗಳನ್ನು ಓದಿ ಹೇಳುವ ಕೆಲಸ ನನ್ನದಾಯಿತು.

ಮಾಸ್ತರರ ಹೈದರಾಬಾದಿನ ಸರ್ಟಿಫಿಕೇಟನ್ನು ಹೊಸ ರಾಜ್ಯ ಒಪ್ಪಿರಲಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಹೊಸದಾಗಿ ತರಬೇತಿ ಪಡೆಯದಿದ್ದರೆ ಅವರನ್ನು ಮಾಸ್ತರಿಕೆಯಿಂದ ಇಳಿಸುವುದಾಗಿ ಆಗಲೇ ತಿಳಿಸಿದ್ದರು. ತರಬೇತಿಗೆ ಹೋಗಲು ಅವರಂಥವರಿಗೆ ಬೇರೆ ದಾರಿ ಇರಲಿಲ್ಲ. ಈ ಯೋಜನೆಯಲ್ಲಿ ಆ ದಾರಿ ಇತ್ತು: ಯಾವ ಮಾಸ್ತರರ ಹುಡುಗ ತಾಲೂಕಿನ ಓಟದ ಪರೀಕ್ಷೆಯಲ್ಲಿ ಆಯ್ಕೆಯಾಗುತ್ತಾನೋ ಆ ಮಾಸ್ತರನನ್ನೂ ಸರ್ಕಾರವೇ ಉತ್ತರ ಭಾರತದ ಶಿಬಿರಕ್ಕೆ ಕಳಿಸಿ, ತರಬೇತಿ ಕೊಟ್ಟು, ಕಾಯಂ ಮಾಡುತ್ತದೆ. ಆದರೆ ಪರೀಕ್ಷೆ ಆಯಾ ಶಾಲೆಯ ಸ್ವಂತ ಮೈದಾನದಲ್ಲೇ ಆಗಬೇಕು. ಓಟ ಎಡಸುತ್ತಾಗಿರಬೇಕು. ಕೊನೆಯ ಹಾಳೆಯಲ್ಲಿ ಮೈದಾನದ ಚಿತ್ರ, ಅದರ ಮೇಲೆ ಎಡಕ್ಕೆ ತಿರುಗುವ ಬಾಣ.

ಮಾಸ್ತರು ಆ ಹಾಳೆಯನ್ನು ತಲೆಕೆಳಗು ಮಾಡಿದರು. ಬಾಣ ಎಡಕ್ಕೇ ಸುತ್ತುತ್ತಿತ್ತು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರು.

“ಹಿಂದಿನಿಂದ ನೋಡಿದ್ರ ಬರೊಬ್ಬರಿ ಅದರಿ ಸರ್” ಎಂದರು.

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.

ಅವರು ಊರಿನ ಹಿರಿಯರ ಬಳಿ ಹೋದರು, ನಾನೂ ಜೊತೆಗಿದ್ದೆ. ಗದ್ದುಗೆಯ ದೀಪ ನೋಡಿಕೊಳ್ಳುವ ಮುಜಾವರರು ತಮ್ಮದೇನೂ ತಕರಾರಿಲ್ಲ, ಶೇಟಜಿ ಹೂಂ ಅಂದರೆ ಆಯಿತು ಎಂದರು. ಶಾಲೆಯ ಕಮಿಟಿಯಲ್ಲಿದ್ದ ಧಾನ್ಯದ ವ್ಯಾಪಾರಿಯೇ ಆ ಶೇಟಜಿ. ಅವರು, ಮುಜಾವರರು ಹೂಂ ಅಂದರೆ ಆಯಿತು ಎಂದರು. ಇಬ್ಬರನ್ನೂ ಒಂದೇ ಕಡೆ ಕೂಡಿಸಿದರೆ ಊರು ಹೂಂ ಅನ್ನಬೇಕು ಎಂದರು. ಎಲ್ಲರೂ ನಗುನಗುತ್ತಲೇ ಮಾತಾಡಿದರು, ಒಂದು ಬೆಲ್ಲದ ತುಂಡನ್ನೂ ಕೊಟ್ಟರು. ಹೊರಡುವಾಗ ಶೇಟಜಿ ತಣ್ಣಗೆ ಹೇಳಿದರು:

“ಎಡಕ್ಕ ಸುತ್ತೋದು ಹೆಣಕ್ಕ, ಮಾಸ್ತರ. ನೀ ಹ್ಯಾಂಗೂ ದೇವರ ಬಿಟ್ಟಾಂವ ಅದಿ. ನಮ್ಮ ಪೋರಗೋಳಿಗಿ ಯಾಕ ಉಲ್ಟಾ ತಿರಗಸ್ತಿ?”

ನಾನು ಬಾಯಿ ತೆಗೆಯುವ ಮೊದಲೇ ಮಾಸ್ತರು ನನ್ನ ತೋಳು ಹಿಡಿದರು. ದಾರಿಯಲ್ಲಿ ನಾನು ಹೇಳಿದ್ದನ್ನೇ ಹೇಳಿ ಸಿಟ್ಟು ಕಾರುತ್ತಿದ್ದರೆ ಅವರು ಬೇಲಿಯ ಕಡ್ಡಿ ಮುರಿಯುತ್ತ ನಡೆದರು. ಕೊನೆಗೆ, “ಬುದ್ಧಗೂ ಬಲಕ್ಕೇ ಸುತ್ತತಾರ್ರಿ ಸರ್. ಎಡಕ್ಕ ಸುತ್ತೋದು ದಿಲ್ಲಿ ಒಂದೇ” ಎಂದರು. ಅದನ್ನು ಅಲ್ಲೇ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ಬುದ್ಧನ ಹೆಸರು ತೆಗೆದ ಎಂದು ಅದೇ ಇನ್ನೊಂದು ಗುನ್ಹೆ ಆಗುತ್ತದೆ ಎಂದರು. ಬೇರೆ ಯಾವ ಜಾತಿಯ ಮಾಸ್ತರು ಕೇಳಿದ್ದರೂ ಅದು ಓಟದ ಮಾತಾಗಿರುತ್ತಿತ್ತು. ಅವರು ಕೇಳಿದ್ದಕ್ಕೆ ಧರ್ಮದ ಮಾತಾಯಿತು.

ಸರ್ಕಾರದ ಕಡೆಯೂ ಹಾಗೇ. ಪರೀಕ್ಷೆ ನಡೆಸಬೇಕಾದ ಗುಲ್ಬರ್ಗಾದ ಸಾಹೇಬರಿಗೆ ನಾವು ಬರೆದದ್ದಕ್ಕೆ, ಆ ಕಟ್ಟೆಯನ್ನು ಅಲ್ಲಿಂದ ಕೀಳಿಸಿ ಎಂದು ಉತ್ತರ ಬಂತು. ಮಾಸ್ತರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಈ ವಿಷಯ ನಿಮ್ಮ ಬಾಯಿಂದ ಹೊರಬಿದ್ದರೆ ನನ್ನ ಹೆಣಕ್ಕೇ ಎಡಸುತ್ತು ಹಾಕಬೇಕಾದೀತು ಎಂದರು.

ಅವರ ಬಳಿ ಇದ್ದದ್ದು ಒಬ್ಬ ಶರಣು. ಭಾತಂಬ್ರಾದ ರೈತನ ಮಗ. ಹತ್ತನೇ ಇಯತ್ತೆಯಲ್ಲೇ ಎಷ್ಟು ಸಲ ಕೂತಿದ್ದನೆಂದರೆ ಮೀಸೆ ತಿರುವುವಷ್ಟು ಬಂದಿತ್ತು. ನನ್ನ ವ್ಯಾಕರಣದ ತರಗತಿಯಲ್ಲಿ ಕಲ್ಲಿನ ಹಾಗೆ ಕೂರುವವನು ಮೈದಾನಕ್ಕೆ ಇಳಿದರೆ ನೋಡುವವರ ಎದೆ ಹೊಡೆದುಕೊಳ್ಳುತ್ತಿತ್ತು, ಅಷ್ಟು ಸಲೀಸಾಗಿ ಓಡುತ್ತಿದ್ದ. ಆದರೆ ಬಲಕ್ಕೆ. ಎಡಕ್ಕೆ ತಿರುಗಿಸಿದರೆ ತಿರುವಿನಲ್ಲಿ ಗೆರೆ ಬಿಟ್ಟು ಹೊರಗೆ ಹೋಗುತ್ತಿದ್ದ.

ಮಾಸ್ತರು ಭಾತಂಬ್ರಾಕ್ಕೆ ಹೋಗಿ ಶರಣುವಿನ ತಂದೆಯನ್ನು ಕೇಳಿಕೊಂಡರು. ಆತ ನಿತ್ಯ ಲಿಂಗಪೂಜೆ ಮಾಡುವ, ಹೆಚ್ಚು ಮಾತಾಡದ ಮನುಷ್ಯ. ಜೋಳ ಕೊಯ್ದು ಖಾಲಿಯಾದ ತನ್ನ ಹೊಲದಲ್ಲಿ ಹೇಗಾದರೂ ಓಡಿಕೊಳ್ಳಿ, ಅಲ್ಲಿ ನಡುವೆ ಏನೂ ಇಲ್ಲವಲ್ಲ ಎಂದ. ಅಲ್ಲಿಂದ ಮುಂದೆ ದಿನಾ ಸಂಜೆ ಮಾಸ್ತರು ಆ ಕರಿಮಣ್ಣಿನಲ್ಲಿ ಶರಣುವನ್ನು ಎಡಕ್ಕೆ ಓಡಿಸಿದರು. ಜೋಳದ ಕೂಳೆ ಚುಚ್ಚಿ ಹುಡುಗನ ಕಾಲು ರಕ್ತವಾಗುತ್ತಿತ್ತು. ತಿರುವು ಬಂದಾಗಲೆಲ್ಲ ಮಾಸ್ತರು ಹೊರಗಡೆಯಿಂದ ಅವನ ಪಕ್ಕಕ್ಕೆ ಓಡಿ, ಎಮ್ಮೆಗರುವನ್ನು ತರುಬುವ ಹಾಗೆ ಭುಜದಿಂದ ಒಳಗೆ ಒತ್ತುತ್ತಿದ್ದರು. ನಾನು ಬದುವಿನ ಮೇಲೆ ಕೂತು ಗಡಿಯಾರ ಹಿಡಿಯುತ್ತಿದ್ದೆ. ಬೇಸಿಗೆ ಬರುವಷ್ಟರಲ್ಲಿ ಶರಣು ಎಡಕ್ಕೂ ಅಷ್ಟೇ ಸಲೀಸಾದ. ಅವತ್ತು ಮಾಸ್ತರು ನಕ್ಕ ನಗೆಗೆ ಸೀಟಿ ಎಷ್ಟು ಕೂಗಿತೆಂದರೆ ಪಕ್ಕದ ಹೊಲದವರು ಓಡಿಬಂದರು. ಶಿಬಿರಕ್ಕೆ ಹೋಗುವಾಗ ಉಣ್ಣೆಯ ಬಟ್ಟೆ ಬೇಕಾದೀತೇ, ಉತ್ತರದಲ್ಲಿ ಚಳಿ ಹೇಗಿರುತ್ತದೆ ಎಂದು ನನ್ನನ್ನು ಕೇಳತೊಡಗಿದರು. ನನಗೇನು ಗೊತ್ತು, ನಾನು ಧಾರವಾಡ ದಾಟಿ ಹೋದದ್ದೇ ಭಾಲ್ಕಿಗೆ.

ಪರೀಕ್ಷೆಯ ದಿನ ಬೆಳಿಗ್ಗೆ ಸಾಹೇಬರು ಜೀಪಿನಲ್ಲಿ ಬಂದರು. ಖಟಕ ಚಿಂಚೋಳಿಯಿಂದಲೂ ಹುಡುಗರು ನೋಡಲು ಬಂದಿದ್ದರು. ಊರಿಗೆ ಊರೇ ಮೈದಾನದ ಅಂಚಿನಲ್ಲಿ ನಿಂತಿತ್ತು. ಶೇಟಜಿ, ಮುಜಾವರರು, ಇನ್ನೂ ನಾಲ್ಕು ಜನ ಹಿರಿಯರು ಗದ್ದುಗೆಯ ಕಟ್ಟೆಯ ಮೇಲೇ ಕೂತಿದ್ದರು. ಹುಡುಗರನ್ನು ಗೆರೆಗೆ ಕರೆದರೆ ಶರಣು ಒಂದು ಕಡೆ ಮುಖ ಮಾಡಿ ನಿಂತ. ಮಿಕ್ಕವರೆಲ್ಲ ಅವನಿಗೆ ಬೆನ್ನು ಮಾಡಿ ಇನ್ನೊಂದು ಕಡೆ ನಿಂತರು. ಸಾಹೇಬರಿಗೆ ಇದೇನು ತಮಾಷೆ ಎಂದು ತಿಳಿಯಲಿಲ್ಲ. ತಿಳಿದ ಮೇಲೆ ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ, ಶರಣು ಒಬ್ಬನೇ ಓಡಲಿ, ಗಡಿಯಾರ ಹೇಳುತ್ತದೆ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಪೂರ್ತಿ ಮುಗಿಸಿದರೆ ಸಾಕು ಎಂದು ಮಾಸ್ತರರ ಬೆನ್ನು ತಟ್ಟಿದರು.

ಶರಣು ಓಡಿದ. ಅಂಥ ಓಟವನ್ನು ನಾನು ಮತ್ತೆ ನೋಡಿಲ್ಲ. ಆದರೆ ಮೈದಾನ ಕೊನೆಯ ಸುತ್ತಿನವರೆಗೂ ನಿಶ್ಶಬ್ದವಾಗಿತ್ತು. ಒಬ್ಬರೂ ಕೂಗಲಿಲ್ಲ, ಬೈಯಲಿಲ್ಲ, ಕಲ್ಲೆತ್ತಲಿಲ್ಲ. ಕಟ್ಟೆಯ ಮೇಲಿನ ಹಿರಿಯರು ಶರಣುವಿನ ಕಡೆ ನೋಡುತ್ತಲೂ ಇರಲಿಲ್ಲ. ಜನರ ನಡುವೆ ನಿಂತಿದ್ದ ಅವನ ತಂದೆಯನ್ನು ನೋಡುತ್ತ ಕೂತಿದ್ದರು, ಅಷ್ಟೇ. ಪ್ರತಿ ಸುತ್ತಿಗೂ ಆತನ ಸುತ್ತಲಿನ ಜನ ಒಂದಿಷ್ಟು ದೂರ ಸರಿಯುತ್ತಿದ್ದರು. ಕೊನೆಯ ಸುತ್ತಿನ ಕೊನೆಯ ತಿರುವಿಗೆ ಶರಣು ಬಂದಾಗ ತಂದೆ ಒಬ್ಬನೇ ನಿಂತಿದ್ದ. ಆಮೇಲೆ ನಡೆದು ಬಂದು ಗೆರೆಯ ಒಳಗೆ ನಿಂತು ಕೈ ಮುಗಿದ.

ಶರಣು ನಿಂತುಬಿಟ್ಟ. ತಂದೆಯನ್ನು ದಾಟಿ ಹೋಗುವುದು ಅವನಿಂದ ಆಗದ ಮಾತು. ನಾವು ಓಡಿ ಹೋದಾಗ ಆತ ಮುಗಿದ ಕೈ ಇಳಿಸಿರಲಿಲ್ಲ. ಮಗನ ಕಡೆಗಲ್ಲ, ಮಾಸ್ತರರ ಕಡೆಗೆ ತಿರುಗಿದ.

“ಮಾಸ್ತರ್ರೇ, ಹೊಲ ಕೊಟ್ಟೆ. ಇದು ಕೊಡ್ಲಾಕ ಆಗಂಗಿಲ್ರಿ.”

ಓಟ ಮುಗಿಯಲು ಅಲ್ಲಿಂದ ಶಾಲೆಯ ಗೋಡೆಯ ಉದ್ದದಷ್ಟು ದೂರ ಉಳಿದಿತ್ತು. ಮಾಸ್ತರು ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದರು, ಓಟ ಮುಗಿಯಿತು ಎಂಬ ಹಾಗೆ. ಸಾಹೇಬರು ಗಡಿಯಾರ ನಿಲ್ಲಿಸಿ, ತಲೆ ಅಲ್ಲಾಡಿಸಿ, ಜೀಪು ಹತ್ತಿದರು.

ಅಂದು ಸಂಜೆ ನನ್ನ ಕೋಣೆಯಲ್ಲಿ ನಾನು ಶರಣುವಿನ ತಂದೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮಾಸ್ತರು ಚಹಾ ಆರಲು ಬಿಟ್ಟು ಕೂತಿದ್ದರು.

“ಅಂವಗ ಬೈಬ್ಯಾಡ್ರಿ ಸರ್” ಎಂದರು. “ಅಂವ ಕೈ ಮುಗದಿದ್ದು ನನಗ್ರಿ. ಅಂಥ ಮನಿತನದಾವ್ರು ನಮ್ಮ ಮಂದಿಗಿ ಇಲ್ಲಿ ತನಕ ಕೈ ಮುಗದಿಲ್ಲ. ಮುಗದ್ರು ನೋಡ್ರಿ, ಇದಕ್ಕ ಮುಗದ್ರು.”

ಅವತ್ತು ನಾನು ಅತ್ತೆ. ಅವರು ಅಳಲಿಲ್ಲ.

ಮುಂದಿನದು ನಾವು ಅಂದುಕೊಂಡಂತೆಯೇ ಆಯಿತು. ಅವಧಿ ಮುಗಿಯಿತು, ಅವರನ್ನು ಮಾಸ್ತರಿಕೆಯಿಂದ ಇಳಿಸಿ ಅದೇ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನನನ್ನಾಗಿ ಮಾಡಿದರು. ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಮಕ್ಕಳು ಅವರ ಸಂಬಳದ ಮೇಲಿದ್ದರು, ಬಿಟ್ಟು ಎಲ್ಲಿಗೆ ಹೋಗಬೇಕು? ಹೈದರಾಬಾದು ಈಗ ಬೇರೆ ರಾಜ್ಯ. ಅಲ್ಲಿಯವರಿಗೆ ಇವರು ಕನ್ನಡದವರು, ಇಲ್ಲಿಯವರಿಗೆ ಉರ್ದುವಿನವರು. ಕನ್ನಡ ಪರೀಕ್ಷೆಯಲ್ಲಿ ಅವರು ಒಳ್ಳೆಯ ಅಂಕದಲ್ಲಿ ಪಾಸಾದ ಸುದ್ದಿ ಬಂದಾಗ ಅವರು ವರಾಂಡದಲ್ಲಿ ಗಂಟೆ ಹೊಡೆಯುತ್ತಿದ್ದರು. ಅವರ ಜಾಗಕ್ಕೆ ಬಂದ ಹೊಸ ಮಾಸ್ತರು ಕನ್ನಡದಲ್ಲಿ ಹುಕುಮ್ ಕೊಟ್ಟರೆ ಹುಡುಗರು ಈಗ ನಗುತ್ತಿರಲಿಲ್ಲ. ಕೈಯಲ್ಲಿ ಗಂಟೆಯ ಕೋಲು ಹಿಡಿದು ಮೈದಾನ ನೋಡುತ್ತ ನಿಲ್ಲುತ್ತಿದ್ದ ನಮ್ಮ ಮಾಸ್ತರರನ್ನು ದಾಟಿ ತರಗತಿಗೆ ಹೋಗುವುದು ನನಗೆ ಕಷ್ಟವಾಗುತ್ತಿತ್ತು. ಹೊತ್ತು ತಪ್ಪದೆ ಹೊಡೆಯುತ್ತಿದ್ದರು ಗಂಟೆಯನ್ನು.

ಕೆಲವು ವರ್ಷ ಕಳೆದು ಓಟದ ಮತ್ತೊಂದು ಯೋಜನೆ ದಿಲ್ಲಿಯಿಂದ ಬಂತು. ಆ ಹೊತ್ತಿಗೆ ಶೇಟಜಿಯ ಮೊಮ್ಮಗ ಹೈಸ್ಕೂಲಿಗೆ ಬಂದಿದ್ದ, ಓಟದಲ್ಲಿ ಚುರುಕಾಗಿದ್ದ. ಗದ್ದುಗೆಗೆ ಒಂದು ಸಣ್ಣ ಪೂಜೆ, ಒಂದು ಫಾತಿಹಾ ಮಾಡಿಸಿದರೆ ಎಡಕ್ಕೆ ಓಡಲು ಅಡ್ಡಿಯಿಲ್ಲ ಎಂದು ಹಿರಿಯರಿಗೆ ಹೊಳೆಯಿತು. ಒಂದೇ ಬೈಠಕ್ಕಿನಲ್ಲಿ ಹೊಳೆಯಿತು. ಮುಜಾವರರು, ಶೇಟಜಿ, ಊರು ಎಲ್ಲರೂ ಹೂಂ ಅಂದರು. ಪೂಜೆಗೆ ಮೊದಲು ಕಟ್ಟೆಗೆ ಸುಣ್ಣ ಹಚ್ಚಬೇಕಲ್ಲ, ಜವಾನನನ್ನು ಕರೆಸಿದರು. ನಾನು ಅಲ್ಲೇ ಇದ್ದೆ. ಹೆಡ್ ಮಾಸ್ತರು ಸುಣ್ಣದ ಡಬ್ಬಿ ತೋರಿಸಿ ಕಟ್ಟೆ ಹತ್ತು ಎಂದರು.

ನಮ್ಮ ಮಾಸ್ತರು ಹತ್ತಲಿಲ್ಲ.

“ಮಾಸ್ತರ ಇದ್ದಾಗ ಏರಿಲ್ರಿ” ಎಂದರು. “ಸುಣ್ಣ ಹಚ್ಚಲಾಕ ಏರಂಗಿಲ್ಲ.”

ದನಿ ಎತ್ತರಿಸಲಿಲ್ಲ. ಗಂಟೆಯ ಕೋಲನ್ನು ಕಟ್ಟೆಗೆ ಒರಗಿಸಿ ನಡೆದು ಹೋದರು. ಮೈದಾನವನ್ನು ದಾಟುವಾಗ ಗದ್ದುಗೆ ಅವರ ಬಲಕ್ಕೇ ಇತ್ತು, ಅಭ್ಯಾಸ. ಆಮೇಲೆ ಬೀದರಿಗೆ ಹೋಗಿ ಮೈಲೂರಿನಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟರು. ನಾನು ಹೋದಾಗಲೆಲ್ಲ ಸ್ಟೂಲು ಒರೆಸಿ ಕೂರಿಸುತ್ತಿದ್ದರು. ಗಾಲಿಯನ್ನು ತಿರುಗಿಸಿ ಬಿಟ್ಟು ಅದು ನಿಲ್ಲುವ ತನಕ ಸುಮ್ಮನೆ ನೋಡುವುದು ಅವರಿಗೊಂದು ಚಟವಾಗಿತ್ತು. ಸೀಟಿ ಕೊರಳಲ್ಲೇ ಇರುತ್ತಿತ್ತು. ಭಾಲ್ಕಿಯ ಮಾತನ್ನು ನಾನೂ ತೆಗೆಯುತ್ತಿರಲಿಲ್ಲ, ಅವರೂ ತೆಗೆಯಲಿಲ್ಲ. ಆ ಮೈದಾನದ ಕಡೆ ಅವರು ಮತ್ತೆ ಹೋಗಲಿಲ್ಲ.

ಮೈಲೂರಿನ ಮನೆಯ ಮುಂದೆ ಚಾಪೆಯ ಮೇಲೆ ಅವರನ್ನು ಮಲಗಿಸಿದ್ದರು. ಆಗಲೂ ನೆಟ್ಟಗೇ ಇದ್ದರು. ಬೌದ್ಧ ಭಿಕ್ಷು ಭಂತೇಜಿ ಬುದ್ಧವಂದನೆಯ ಪಾಠ ಹೇಳಿದ ಮೇಲೆ ಜನ ಸಾಲಾಗಿ ಬಂದು ಅವರನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದು ಹೂವು ಹಾಕಿ ಸರಿಯುತ್ತಿದ್ದರು. ನಾನೂ ಹಾಗೇ ಮಾಡಿ ಗೋಡೆಯ ಬಳಿ ನಿಂತೆ.

ಸಾಲಿನ ಕೊನೆಯಲ್ಲಿ ಬಿಳಿ ಮೀಸೆಯ, ರುಮಾಲು ಸುತ್ತಿದ ಒಬ್ಬ ಎತ್ತರದ ಮುದುಕ ಇದ್ದ. ಹತ್ತಿರ ಬಂದ ಮೇಲೆ ಗುರುತು ಹತ್ತಿತು. ಶರಣು. ಭಾತಂಬ್ರಾದಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಅವನು ಚಪ್ಪಲಿ ಬಿಟ್ಟು, ಎಲ್ಲರೂ ಬಲಕ್ಕೆ ಹೊರಟ ಜಾಗದಲ್ಲಿ ಎಡಕ್ಕೆ ತಿರುಗಿದ. ಎದುರು ಬರುತ್ತಿದ್ದವರು ಗಲಿಬಿಲಿಗೊಂಡರು. ಮಗಳು ನನ್ನ ಕಡೆ ನೋಡಿ, ಕಾಕಾ, ಅವರು ಉಲ್ಟಾ ಯಾಕೆ ಹೊಂಟಿದ್ದಾರೆ ಎಂದು ಪಿಸುಗುಟ್ಟಿದಳು. ಹೋಗಲಿ ಬಿಡವ್ವ, ಅವನನ್ನು ಯಾರೂ ತಡೆಯಬೇಡಿ ಎಂದೆ.

ಶರಣು ಎಡಗೈಯನ್ನು ಮಾಸ್ತರರ ಕಡೆಗಿಟ್ಟುಕೊಂಡು, ಮಂಡಿ ನೋವಿನ ಕಾಲೆಳೆಯುತ್ತ, ತಲೆಯ ಕಡೆಯ ತಿರುವು ದಾಟಿ, ಕಾಲಿನ ಕಡೆಯ ತಿರುವೂ ದಾಟಿ, ಹೊರಟ ಜಾಗಕ್ಕೇ ಬಂದು ನಿಂತ. ಈ ಸಲ ಯಾರೂ ಅಡ್ಡ ಬರಲಿಲ್ಲ.